ಓಪಲವ್ವನ ಉಡಿಯಕ್ಕಿ

ಮಹಾಂತಪ್ಪ ಬಾಯಿ ತೆರೆದನೆಂದರೆ ಗ್ಯಾಲ್ವೆಸ್ಟನ್ ಕೊಲ್ಲಿಯ ಹಡಗುಗಳು ದಿಕ್ಕು ಬದಲಿಸುತ್ತಿದ್ದವು. ನಂಬದವರು ಬೇಕಾದರೆ ಲೆಕ್ಕದಿಂದ ಒಂದೆರಡು ಹಡಗು ಕಳೆಯಲಿ, ಅದಕ್ಕಿಂತ ಹೆಚ್ಚು ಬೇಡ. ಬಾಗಲಕೋಟೆಯಿಂದ ಬಂದು, ಹ್ಯೂಸ್ಟನ್ ಬದಿಯ ಕ್ಲಿಯರ್ ಲೇಕಿನಲ್ಲಿ ಮೂವತ್ತು ವರ್ಷ ಕೊಳವೆಗಳ ನಕ್ಷೆ ಬರೆದ ಎಂಜಿನಿಯರ್ ಅವನು. ಅವನ ಬಾಯಲ್ಲಿ ಮಾತ್ರ ಚಂದ್ರನಿಗೆ ಹೋದ ರಾಕೆಟ್ಟು ಅವನು ಬಿಗಿದ ಒಂದು ನಟ್ಟಿನ ಮೇಲೆ ನಿಂತಿತ್ತು. ಆ ರಾಕೆಟ್ಟು ಹಾರಿದ ವರ್ಷ ಅವನು ಬಾಗಲಕೋಟೆಯ ಹೈಸ್ಕೂಲಿನಲ್ಲಿ ಗಣಿತಕ್ಕೆ ಫೇಲಾಗಿದ್ದನೆಂದು ನೆನಪಿಸುವ ಧೈರ್ಯ ಹೆಂಡತಿ ಸುಮಿತ್ರವ್ವ ಒಬ್ಬಳಿಗೇ ಇತ್ತು.

ನಿವೃತ್ತಿಯಾದ ಮೇಲೆ ಅವನು ಚಕ್ರಗಳ ಮೇಲೆ ಮನೆ ಕಟ್ಟಿದಂಥ ಒಂದು ಆರ್‌ವಿ ಕೊಂಡ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ. ಅದರ ಮೂತಿ ಹ್ಯೂಸ್ಟನ್ನಿನಲ್ಲಿದ್ದರೆ ಬಾಲ ಡಲ್ಲಾಸಿನಲ್ಲಿರುತ್ತಿತ್ತು. ೨೦೧೪ರ ಚಳಿಗಾಲಕ್ಕೆ ಗಂಡ ಹೆಂಡತಿ ಅದನ್ನು ಓಡಿಸಿಕೊಂಡು ಡಲ್ಲಾಸಿನ ಉತ್ತರಕ್ಕೆ, ಒಂದು ಸರೋವರದ ದಂಡೆಯ ಕ್ಯಾಂಪಿಗೆ ಕೆಲಸಕ್ಕೆ ಹೋದರು. ಬಂದವರಿಗೆ ಜಾಗ ತೋರಿಸುವುದು, ಸೌದೆ ಕೊಡುವುದು, ಬಚ್ಚಲು ತೊಳೆಯುವುದು.

"ಅಪ್ಪಾ, ಫ್ರೆಂಡ್ಸ್ ಮುಂದ ನಾ ಏನಂತ ಹೇಳ್ಲಿ? ರಿಟೈರ್ ಆಗಿ ಟಾಯ್ಲೆಟ್ ಕ್ಲೀನ್ ಮಾಡಾಕತ್ತಾರ ಅನ್ಲೇನು?" ಎಂದು ಡಲ್ಲಾಸಿನ ಪಕ್ಕದ ಮರ್ಫಿಯಲ್ಲಿದ್ದ ಮಗ ವಿನಾಯಕ್ ಫೋನಿನಲ್ಲಿ ಗೋಳಾಡಿದ್ದ.

"ಸರೋವರದ ದೊರಿ ಆಗ್ಯಾನ ಅನ್ನು," ಎಂದಿದ್ದ ಮಹಾಂತಪ್ಪ.

ಆ ಕ್ಯಾಂಪಿನ ಒಂಬತ್ತನೇ ನಂಬರಿನ ಜಾಗದಲ್ಲಿ ಓಪಲ್ ಎಂಬ ಮುದುಕಿ ಒಂದು ಹಳೆಯ ಟ್ರೇಲರಿನಲ್ಲಿ ಒಬ್ಬಳೇ ಇದ್ದಳು. ದಿನವಿಡೀ ಬಾಗಿಲ ಮುಂದಿನ ಮಡಚುವ ಕುರ್ಚಿಯಲ್ಲಿ ಕೂತು ನೀರು ನೋಡುತ್ತಿದ್ದಳು. ಗಂಡ ಎಲ್ಲಿ ಎಂದು ಕೇಳಿದರೆ, "ಅವನು ಮುಂದೆ ಹೋಗಿದ್ದಾನೆ. ಮನೆ ಸಜ್ಜು ಮಾಡುತ್ತಿದ್ದಾನೆ," ಎನ್ನುತ್ತಿದ್ದಳು. ಬೇರೆ ರಾಜ್ಯದಲ್ಲಿ ಕೆಲಸವಿರಬೇಕೆಂದು ಸುಮಿತ್ರವ್ವ ತಿಳಿದಿದ್ದಳು. ದಿನಾ ಒಂದು ಬಟ್ಟಲು ಸಾರು ಕೊಟ್ಟು, ಓಪಲವ್ವಾ ಎಂದು ಕರೆದು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲೇ ಅವಳೊಡನೆ ತಾಸುಗಟ್ಟಲೆ ಹರಟುತ್ತಿದ್ದಳು.

ಏಪ್ರಿಲ್ ಮೊದಲ ವಾರದ ಒಂದು ಸೋಮವಾರ ಬೆಳಿಗ್ಗೆ ಅವರು ಮನೆಯ ದಾರಿ ಹಿಡಿಯುವವರಿದ್ದರು. ಹೊರಡುವ ಮೊದಲು ಸುಮಿತ್ರವ್ವ ಓಪಲಳ ಉಡಿ ತುಂಬಲು ನಿಂತಳು. ಐದು ಹಿಡಿ ಅಕ್ಕಿ, ಒಂದು ಬಟ್ಟಲು ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಗುಳೇದಗುಡ್ಡದ ಖಣ. ವೀಳ್ಯದೆಲೆ ಸಿಗದೆ ಪಾಲಕ್ ಎಲೆ. ಎಲ್ಲವನ್ನೂ ಮುದುಕಿಯ ಮಡಿಲಿಗೆ ಸುರಿದು ಹಣೆಗೆ ಕುಂಕುಮ ಹಚ್ಚಿದಳು.

"ಇದರ ಅರ್ಥವೇನು?" ಎಂದು ಓಪಲ್ ಮಹಾಂತಪ್ಪನನ್ನು ಕೇಳಿದಳು.

ನೆಟ್ಟಗಿದ್ದವನಾದರೆ, ಶುಭವಾಗಲಿ ಎಂದರ್ಥ ಎಂದು ಹೇಳಿ ಗಾಡಿ ಹತ್ತುತ್ತಿದ್ದ. ಮಹಾಂತಪ್ಪ ಎದೆ ಸೆಟೆಸಿದ. "ಇದು ಹತ್ತು ಸಾವಿರ ವರ್ಷದ ಪದ್ಧತಿ. ಇವತ್ತಿನಿಂದ ನೀನು ನಮ್ಮ ಮನೆಯ ಮಗಳು. ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇವೆ. ನೀನು ಗಂಡನ ಮನೆಗೆ ಹೊರಟಾಗ ಒಬ್ಬಳನ್ನೇ ಕಳಿಸುವುದಿಲ್ಲ. ನನ್ನ ಹೆಂಡತಿ ನಿನ್ನ ಜೊತೆ ಬಂದು, ನೀನು ಅಲ್ಲಿ ಒಗ್ಗುವವರೆಗೆ ಅಲ್ಲೇ ಇರುತ್ತಾಳೆ. ಬಸವಣ್ಣನ ಆಣೆ!"

ಓಪಲ್ ಬಹಳ ಹೊತ್ತು ಸುಮಿತ್ರವ್ವನ ಮುಖವನ್ನೇ ನೋಡಿದಳು. "ನನ್ನನ್ನು ಕರೆಯಲು ಯಾರೂ ಬಂದಿರಲಿಲ್ಲ. ತಡೆಯಿರಿ, ಬೂಟು ಹಾಕಿಕೊಂಡು ಬರುತ್ತೇನೆ," ಎಂದು ಬರಿಗಾಲಲ್ಲಿ ಟ್ರೇಲರಿನೊಳಗೆ ಹೋದಳು.

ಮುದುಕಿಯ ತಮಾಷೆ ಎಂದು ಮಹಾಂತಪ್ಪ ಬಿದ್ದು ಬಿದ್ದು ನಕ್ಕ. ಹಾರ್ನ್ ಹೊಡೆದು ಗಾಡಿ ಬಿಟ್ಟ.

ಊಟದ ಹೊತ್ತಿಗೆ ಮರ್ಫಿ, ಮಗನ ಮನೆ. ಮೊಮ್ಮಗಳು ಸಾನ್ವಿ ಓಡಿಬಂದು ಗಾಡಿಯೊಳಗೆ ಇಣುಕಿದಳು.

"ಅಜ್ಜಾ, ವೈ ಈಸ್ ದಟ್ ಬೆಲ್ಟ್ ಆನ್? ನೋಬಡೀಸ್ ಸಿಟಿಂಗ್ ದೇರ್."

ಊಟದ ಮೇಜಿನ ಹಿಂದಿನ ಸೀಟಿನ ಬೆಲ್ಟು ಬಿಗಿಯಾಗಿ ಹಾಕಿತ್ತು. ಒಬ್ಬ ಸಣ್ಣ ಮೈಯವಳ ಹೊಟ್ಟೆಯ ಸುತ್ತ ನಿಲ್ಲುವಂತೆ, ಗಾಳಿಯಲ್ಲಿ ದುಂಡಗೆ ನಿಂತಿತ್ತು. ಮೆಟ್ಟಿಲಿನಿಂದ ಆ ಸೀಟಿನವರೆಗೆ ಅಕ್ಕಿಕಾಳು ಉದುರಿದ್ದವು. ಸೀಟಿನ ಕೆಳಗೆ ಒಂದು ಜೊತೆ ಕರಿಯ ಬೂಟು, ಲೇಸು ಕಟ್ಟಿದ್ದು.

ಅದೇ ಹೊತ್ತಿಗೆ ಫೋನ್ ಬಂತು. ಕ್ಯಾಂಪಿನ ಮ್ಯಾನೇಜರ್. ಓಪಲ್ ತೀರಿಕೊಂಡಿದ್ದಳು. ಟ್ರೇಲರಿನೊಳಗೆ ಹಾಸಿಗೆಯಲ್ಲಿ, ಬರಿಗಾಲಲ್ಲಿ. "ಶನಿವಾರವೇ ಹೋಗಿರಬೇಕಂತೆ, ಎರಡು ದಿನವಾಗಿದೆ. ಈ ಎರಡು ದಿನ ನೀವೇನಾದರೂ ಅವಳನ್ನು ನೋಡಿದಿರಾ?"

ಹುಟ್ಟಿದಂದಿನಿಂದ ಒಂದು ಪ್ರಶ್ನೆಗೆ ನೂರು ಮಾತಿಗಿಂತ ಕಡಿಮೆ ಉತ್ತರ ಕೊಡದಿದ್ದ ಮಹಾಂತಪ್ಪ, "ಇಲ್ಲ," ಎಂದ. ಅಷ್ಟೇ.

ಸುಮಿತ್ರವ್ವನಿಗೆ ಹೇಳಿದಾಗ ಅವಳು ಬೆಚ್ಚಲಿಲ್ಲ. "ಕುಂಕುಮ ಹಚ್ಚೂವಾಗ ಹಣಿ ಐಸ್ ಆಗಿತ್ರಿ. ಥಂಡಿಗೆ ಇರಬೇಕು ಅಂತ ಮಾಡಿದ್ದೆ," ಎಂದು ಗಾಡಿ ಹತ್ತಿ, ಬಿದ್ದ ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿ ಆ ಸೀಟಿನ ಮೇಲಿಟ್ಟಳು.

"ಹೊಳ್ಳಿ ಹೋಗಿ ಬಿಟ್ಟು ಬರೂಣು," ಎಂದ ಮಹಾಂತಪ್ಪ.

"ಯಾರು ಬಿಡೂದು? ನಾನ ಬಿಡಬೇಕಲ್ಲ. ಆಕಿ ಗಂಡನ ಮನಿ ಎಲ್ಲೈತಿ ಅಂತ ಈಗ ತಿಳೀತಿಲ್ರಿ ನಿಮಗ? ನಾ ಕೂಡ ಹೋಗ್ತೇನಿ, ಆಕಿ ಒಗ್ಗೂತನ ಅಲ್ಲೇ ಇರ್ತೇನಿ ಅಂತ ಬಸವಣ್ಣನ ಆಣಿ ಹಾಕಿದವ್ರು ಯಾರು?"

ತಾನು ಕೊಟ್ಟ ಮಾತು ಏನೆಂದು ಮಹಾಂತಪ್ಪನಿಗೆ ಆಗ ಪೂರ್ತಿ ಕಂಡಿತು. ಮಗಳನ್ನು ಮನೆಗೆ ಕರೆದೊಯ್ದರೆ, ಒಂದು ದಿನ ಗಂಡನ ಮನೆಗೆ ಕಳಿಸಬೇಕು. ಅವಳು ಹೊರಟ ದಿನ ಸುಮಿತ್ರವ್ವನೂ ಹೊರಡಬೇಕು. ಓಪಲಳ ಗಂಡ ಮನೆ ಸಜ್ಜು ಮಾಡಿಕೊಂಡು ಕಾಯುತ್ತಿರುವಲ್ಲಿಗೆ ಹೋದವರು ಯಾರೂ ತಿರುಗಿ ಬಂದಿಲ್ಲ.

ನೇರ ರಸ್ತೆ ಹಿಡಿದರೆ ಐದು ತಾಸಿಗೆ ಕ್ಲಿಯರ್ ಲೇಕ್. ಮನೆ ಮುಟ್ಟಿದರೆ ತಾನೇ ಮನೆಯಿಂದ ಕಳಿಸುವ ಮಾತು? ಮಹಾಂತಪ್ಪ ಸುತ್ತು ದಾರಿ ಹಿಡಿದ. "ನೀಲಿ ಹೂ ತೋರಿಸ್ತೇನಿ ಅಂದಿದ್ನಲ್ಲ," ಎಂದು ಆಸ್ಟಿನ್ನಿನ ಮೇಲಿನ ಗುಡ್ಡಗಳ ಕಡೆ ಗಾಡಿ ತಿರುಗಿಸಿದ.

ಮಂಗಳವಾರ ಬೆಳಿಗ್ಗೆ ಬರ್ನೆಟ್ ಊರಿನಾಚೆ ಬ್ಲೂಬಾನೆಟ್ ಹೂಗಳು ಸಿಕ್ಕವು. ಆ ವರ್ಷ ಎಷ್ಟು ಬಿಟ್ಟಿದ್ದವೆಂದರೆ, ಹದ್ದುಗಳು ಯಾವುದು ಆಕಾಶ ಯಾವುದು ನೆಲ ತಿಳಿಯದೆ ತಲೆಕೆಳಗಾಗಿ ಹಾರುತ್ತಿದ್ದವು. ಚುರುಕು ಬಿಸಿಲು. ಒಂದು ಎಲೆಯೂ ಅಲುಗದು. ಆದರೆ ಸುಮಿತ್ರವ್ವ ಹೂವಿನೊಳಗೆ ನಡೆದಾಗ ಅವಳ ಪಕ್ಕದಲ್ಲಿ ಇನ್ನೊಂದು ಕಾಲುದಾರಿ ತಾನಾಗಿ ಬೀಳುತ್ತಾ ಹೋಯಿತು. ಹೂಗಳು ಒಂದು ಹೆಜ್ಜೆಗೊಮ್ಮೆ ಬಾಗಿ, ಬಾಗಿದಂತೆಯೇ ಉಳಿದವು.

ಪಕ್ಕದಲ್ಲಿ ಮಕ್ಕಳ ಫೋಟೋ ತೆಗೆಯುತ್ತಿದ್ದ ಒಬ್ಬ ಅಪರಿಚಿತ ಹೆಂಗಸು ತಾನಾಗಿಯೇ ಬಂದು ಫೋನ್ ಇಸಿದುಕೊಂಡಳು. "ಇನ್ನೂ ಹತ್ತಿರ ಬನ್ನಿ. ಮೂವರೂ," ಎಂದಳು.

ಮಹಾಂತಪ್ಪ ಆಮೇಲೆ ಫೋಟೋ ನೋಡಿದ. ಗಂಡ ಒಂದು ಬದಿ, ಹೆಂಡತಿ ಇನ್ನೊಂದು ಬದಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಸುಮಿತ್ರವ್ವನ ತೋಳು ಆ ಖಾಲಿ ಜಾಗದ ಹೆಗಲನ್ನು ಬಳಸಿತ್ತು.

ಗಾಡಿಗೆ ಮರಳಿದಾಗ ಅವಳು ಒಂದು ಕೈಚೀಲಕ್ಕೆ ಎರಡು ಸೀರೆ, ಬಾಚಣಿಗೆ, ವಿಭೂತಿ ಗಟ್ಟಿ ಹಾಕಿದಳು.

"ಏನಿದು?"

"ಆಕಿ ಯಾವಾಗ ಹೊರಡ್ತಾಳೋ ಏನೋ. ಗಡಬಡಿ ಆಗಬಾರದಲ್ರಿ."

"ನಿನಗ ಅಂಜಿಕಿ ಇಲ್ಲೇನ?"

"ಅಂಜಿಕಿ ಐತ್ರಿ," ಎಂದಳು ಸುಮಿತ್ರವ್ವ. "ಆದ್ರ ಆಣಿ ಹಾಕಿದ್ದು ನೀವಾದ್ರೂ ಉಡಿ ತುಂಬಿದ ಕೈ ನಂದು."

ಅವಳ ಕೈ ಹಿಡಿದು ನೋಡಿದ. ಸರೋವರದ ತಳದಿಂದ ಎತ್ತಿದ ಕಲ್ಲಿನಂತೆ ತಣ್ಣಗಿತ್ತು. ಉಗುರು ನೀಲಿಗಟ್ಟಿದ್ದವು.

ಮಧ್ಯಾಹ್ನ ಆಸ್ಟಿನ್ ಹತ್ತಿರದ ಲಿಯಾಂಡರಿನಲ್ಲಿ ಹಳೆಯ ಗೆಳೆಯರ ಮನೆ. ಮೈಸೂರಿನ ಶಕುಂತಲಾ ಬಾಗಿಲಲ್ಲೇ ಸುಮಿತ್ರವ್ವನ ಕೈ ಹಿಡಿದು, "ಅಯ್ಯೋ, ಏನ್ ಸುಮಿತ್ರಮ್ಮ, ಫ್ರಿಡ್ಜಲ್ಲಿ ಕೂತು ಬಂದ್ರಾ?" ಎಂದು ಒಳಗೆ ಎಳೆದುಕೊಂಡಳು. ಬಿಸಿಬೇಳೆಬಾತ್, ಬೂಂದಿ, ಮೊಸರನ್ನ. ಸುಮಿತ್ರವ್ವ ತಟ್ಟೆಯ ಒಂದು ಬದಿಗೆ ಒಂದು ಪಾಲು ಸರಿಸಿಟ್ಟು ತಿಂದಳು. ಆ ಪಾಲು ಮೇಲಿನಿಂದ ಹೆಪ್ಪುಗಟ್ಟುತ್ತಾ ಬಂದುದನ್ನು ಮಹಾಂತಪ್ಪ ಒಬ್ಬನೇ ನೋಡಿದ.

ಊಟವಾದ ಮೇಲೆ ಹೊರಗೆ ನಿಂತಿದ್ದ ಆರ್‌ವಿಯಲ್ಲಿ ಬೆಲ್ಟು ಟಕ್ ಎಂದು ಬಿಚ್ಚಿಕೊಂಡಿತು. ಬಾಗಿಲು ತೆರೆಯಿತು. ಕರಿಯ ಬೂಟುಗಳು ಮೆಟ್ಟಿಲಿನ ಮೇಲೆ ರಸ್ತೆಗೆ ಮುಖ ಮಾಡಿ ನಿಂತಿದ್ದವು. ಸುಮಿತ್ರವ್ವ ಯಾರೋ ಕರೆದಂತೆ ಎದ್ದು ಕೈಚೀಲ ತೆಗೆದುಕೊಂಡಳು.

"ಹೊಂಟ್ಳು ಕಾಣ್ತದ," ಎಂದಳು.

ಮನೆ ಮುಟ್ಟುವ ಮೊದಲೇ! ಮಹಾಂತಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ. ಏನೂ ತಿಳಿಯದ ಶಕುಂತಲಾ ಕೈಚೀಲಕ್ಕೆ ಕೈ ಹಾಕಿ ಜಗ್ಗಿದಳು.

"ಎಲ್ಲಿಗ್ರೀ ಹೊರಟ್ರಿ? ಇವತ್ತು ಮಂಗಳವಾರ. ಮಂಗಳವಾರ ಶುಕ್ರವಾರ ಮನೆಮಗಳನ್ನ ಯಾರಾದ್ರೂ ಕಳಿಸ್ತಾರಾ? ಸುಮ್ನೆ ಇದ್ದು ನಾಳೆ ಹೋಗಿ."

ಮಹಾಂತಪ್ಪ ಹೊರಗೆ ನೋಡಿದ. ಬೂಟುಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಒಂದು, ಆಮೇಲೆ ಇನ್ನೊಂದು, ನಿಧಾನವಾಗಿ ಒಳಮುಖವಾಗಿ ತಿರುಗಿದವು. ಬಾಗಿಲು ಮುಚ್ಚಿತು. ಸುಮಿತ್ರವ್ವನ ಉಗುರಿಗೆ ಬಣ್ಣ ಬಂತು.

ಆ ಕ್ಷಣದಿಂದ ಮಹಾಂತಪ್ಪನ ಬಾಯಿಗೆ ಅದರ ಜೀವಮಾನದ ಕೆಲಸ ಸಿಕ್ಕಿತು. ಬುಧವಾರ ಆಸ್ಟಿನ್ ದಾಟಿ ಕ್ಲಿಯರ್ ಲೇಕಿನ ಮನೆಗೆ ಬಂದರು. ಗುರುವಾರ ಬೆಳಿಗ್ಗೆ ಬೂಟುಗಳು ಹೊಸ್ತಿಲಲ್ಲಿ ಹೊರಮುಖವಾಗಿದ್ದವು, ಪಕ್ಕದಲ್ಲಿ ಸುಮಿತ್ರವ್ವನ ಚಪ್ಪಲಿ. ಮಹಾಂತಪ್ಪ ನೆಲಕ್ಕೆ ಕೂತು ಇಂಗ್ಲಿಷಿನಲ್ಲಿ, "ತವರಿಗೆ ಬಂದ ಮಗಳು ಮಾರನೇ ದಿನವೇ ಹೋಗುವಂತಿಲ್ಲ, ನಮ್ಮಲ್ಲಿ ಕಾನೂನಿದೆ," ಎಂದ. ಬೂಟು ತಿರುಗಿದವು. ಶುಕ್ರವಾರ ಶುಕ್ರವಾರವೇ ಆಗಿತ್ತು. ಆಮೇಲೆ ಅಮಾವಾಸ್ಯೆ. ಆಮೇಲೆ ಬಸವ ಜಯಂತಿ. ಪಕ್ಕದ ಮನೆಯ ನಾಯಿ ಸೀನಿತು. ರಾಹು ಮಗ್ಗಲು ಬದಲಿಸಿದ. ಒಂದು ಸಲವಂತೂ, ಆಕಾಶದಲ್ಲಿ ಗಗನಯಾತ್ರಿಗಳು ಇರುವಾಗ ಕ್ಲಿಯರ್ ಲೇಕಿನಿಂದ ಹೆಣ್ಣುಮಕ್ಕಳನ್ನು ಕಳಿಸಬಾರದೆಂದು ಸ್ವತಃ ಬಾಹ್ಯಾಕಾಶ ಕೇಂದ್ರದವರೇ ಹೇಳಿದ್ದಾರೆಂದ.

ಅಡುಗೆಮನೆಯಲ್ಲಿ ಮೂರನೇ ಬಟ್ಟಲು ಸಾರು ತಣ್ಣಗಾಗುತ್ತಿತ್ತು. ಮಧ್ಯಾಹ್ನಗಳಲ್ಲಿ ಸುಮಿತ್ರವ್ವ ಹಿತ್ತಲಲ್ಲಿ ಯಾರೊಂದಿಗೋ ಹರಟುವುದು ಕೇಳುತ್ತಿತ್ತು. ಅವಳು ಚೆನ್ನಾಗಿಯೇ ಇದ್ದಳು. ಆದರೆ ಬೆಳಗಾದರೆ, ಗಂಡನ ನೆವ ಬರುವವರೆಗೆ, ಅವಳ ಕೈ ಕಲ್ಲಾಗುತ್ತಿತ್ತು. ನೆವ ದಿನದಿಂದ ದಿನಕ್ಕೆ ಉದ್ದವಾಗಬೇಕಾಗುತ್ತಿತ್ತು. ಬೂಟು ತಿರುಗಲು ತೆಗೆದುಕೊಳ್ಳುವ ಹೊತ್ತೂ ಬೆಳೆಯುತ್ತಿತ್ತು.

ನವೆಂಬರಿನ ಒಂದು ಬುಧವಾರ ಬೆಳಿಗ್ಗೆ ಗೋಡೆಯ ಕನ್ನಡ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಅಕ್ಕಿಕಾಳು ಅಂಟಿತ್ತು. ಹಬ್ಬವಿಲ್ಲ, ಅಮಾವಾಸ್ಯೆಯಿಲ್ಲ, ಏನಿಲ್ಲ. ಏಳು ತಿಂಗಳಲ್ಲಿ ಓಪಲ್ ಅದನ್ನು ಓದಲು ಕಲಿತಿದ್ದಳು. ಮಹಾಂತಪ್ಪ ಗುರುಗ್ರಹ ಎಂದ, ನೆಗಡಿ ಎಂದ. ಬೂಟು ಮಿಸುಕಲಿಲ್ಲ. ಸುಮಿತ್ರವ್ವ ಚಪ್ಪಲಿಯಲ್ಲಿ ಒಂದು ಕಾಲಿಟ್ಟಿದ್ದಳು, ಅವಳ ತುಟಿ ಬೂದಿಯಾಗಿತ್ತು.

ಆಗ ಮಹಾಂತಪ್ಪ, ಅರವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಬೂಟಿನ ಮುಂದೆ ಮೊಣಕಾಲೂರಿ ಉಬ್ಬಿಸದ ಒಂದು ಮಾತು ಆಡಿದ.

"ನಾನು ಸುಳ್ಳು ಹೇಳಿದೆ, ಮಗಳೇ. ಅವಳು ಉಡಿ ತುಂಬಿದಳು ಅಷ್ಟೇ, ಜೊತೆಗೆ ಬರುತ್ತೇನೆಂದು ಹೇಳಲಿಲ್ಲ. ಆಣೆ ನನ್ನದು. ಬರುವವನು ನಾನು."

ಮನೆಯಲ್ಲಿ ಫ್ರಿಡ್ಜಿನ ಗುಂಯ್ ಎನ್ನುವ ಸದ್ದೂ ನಿಂತಿತು. ಸುಮಿತ್ರವ್ವನ ಚಪ್ಪಲಿ ಅವಳ ಕಾಲಿನಿಂದ ಜಾರಿ, ಸರ್ರನೆ ಹಿಂದೆ ಹೋಗಿ, ಅಡುಗೆಮನೆಯ ಕಡೆ ತಿರುಗಿ ನಿಂತಿತು. ಅವಳ ಮುಖಕ್ಕೆ ರಕ್ತ ಬಂತು. ಆ ದಿನ ಅಷ್ಟಕ್ಕೇ ಮುಗಿಯಿತು.

ಮಾರನೇ ದಿನ, ಗುರುವಾರ ಬೆಳಿಗ್ಗೆ ಹೊಸ್ತಿಲಲ್ಲಿ ಎರಡು ಜೊತೆ ಇದ್ದವು. ಓಪಲಳ ಕರಿಯ ಬೂಟು. ಪಕ್ಕದಲ್ಲಿ ಮಹಾಂತಪ್ಪನ ಕಂದು ಬೂಟು, ಒರೆಸಿ ಹೊಳಪು ಕೊಟ್ಟದ್ದು, ಹೊರಮುಖ. ಎರಡರೊಳಗೂ ಒಂದೊಂದು ಹಿಡಿ ಅಕ್ಕಿ.

ಮಹಾಂತಪ್ಪ ತನ್ನ ನೀಲಿಗಟ್ಟಿದ ಉಗುರು ನೋಡಿಕೊಂಡ. ಗಂಟಲು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿದ. "ಸುಮಿತ್ರಾ, ಇವತ್ತ ಶುಕ್ರವಾರ ಅಲ್ಲೇನ?"

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಕ್ಯಾಲೆಂಡರಿನ ಹಾಳೆ ಗಾಳಿಯಿಲ್ಲದೆ ಒಮ್ಮೆ ಫಡಫಡಿಸಿತು.

"ಹೌದ್ರಿ," ಎಂದಳು ಸುಮಿತ್ರವ್ವ, ಮದುವೆಯಾದಂದಿನಿಂದ ಗಂಡನ ಒಂದು ಸುಳ್ಳನ್ನೂ ತಿದ್ದದೆ ಬಿಡದಿದ್ದವಳು. "ಶುಕ್ರವಾರ. ನಾಳೇನೂ ಶುಕ್ರವಾರ."

ಕರಿಯ ಬೂಟುಗಳಲ್ಲಿ ಒಂದು ತಿರುಗಿತು. ಇನ್ನೊಂದು ಇನ್ನೂ ಯೋಚಿಸುತ್ತಿತ್ತು.