ಎಡಗಡೆಯ ಬಟನ್

ಒಂಬತ್ತು ವರ್ಷ ಅಕ್ಕನಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿರಲಿಲ್ಲ. ಪ್ರೆಸ್ಸಿನಲ್ಲಿ ಎಲ್ಲರಿಗೂ ಅವಳು ಅಕ್ಕನೇ, ತಲೆ ನರೆತ ಬೈಂಡರ್‌ಗೂ ಸಹ. ದಪ್ಪ ದಪ್ಪ ಕಾಗದದ ಕಟ್ಟುಗಳನ್ನು ಬೆಣ್ಣೆಯಂತೆ ಕತ್ತರಿಸುವ ಕಟಿಂಗ್ ಮೆಷಿನ್ ಅವಳದು. ಅದಕ್ಕೆ ಬಲಕ್ಕೊಂದು, ಎಡಕ್ಕೊಂದು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತದೆ. ಎರಡು ಕೈಯೂ ಬಟನ್ ಮೇಲಿದ್ದರೆ ಬ್ಲೇಡಿನ ಕೆಳಗೆ ಸಿಕ್ಕಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಮೆಷಿನ್ ಮಾಡಿದವನು ಬುದ್ಧಿವಂತ. ಅಕ್ಕ ಅತಿ ಬುದ್ಧಿವಂತೆ. ಸೇರಿದ ವರ್ಷವೇ ಎಡಗಡೆಯ ಬಟನ್ ಮೇಲೆ ರಟ್ಟಿನ ಚೂರಿಟ್ಟು, ರಬ್ಬರ್ ಬ್ಯಾಂಡ್ ಬಿಗಿದು, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದಳು. ಎಡಗೈ ಕಾಗದ ಸರಿಮಾಡುತ್ತಿದ್ದ ಹಾಗೇ ಬಲಗೈ ಬಟನ್ ಒತ್ತುತ್ತಿತ್ತು. ಒಂದಕ್ಕೆರಡು ಕೆಲಸ. ಪ್ರೆಸ್ಸಿನ ಮಾಲೀಕ ಚಿಕ್ಕಪ್ಪ ಬಂದವರೆಲ್ಲರ ಮುಂದೆ ಅವಳನ್ನು ಹೊಗಳಿದ್ದೇ ಹೊಗಳಿದ್ದು.

ಕಳೆದ ಸೋಮವಾರ ಕಟ್ಟು ಒಂಚೂರು ಜಾರಿತು. ಬ್ಲೇಡು ಅವಳ ಎಡಗೈ ತೋರುಬೆರಳಿನ ಬೆಳೆದ ಉಗುರಿನ ತುದಿಯನ್ನು ಹಾರಿಸಿತು. ಉಗುರು ಮಾತ್ರ. ರಕ್ತವಿಲ್ಲ, ನೋವಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಮೆಷಿನ್ ಮುಂದೆ ನಿಂತರೆ ಸಾಕು, ಹೆದರಿಕೆ ಹತ್ತಿಕೊಳ್ಳುತ್ತಿತ್ತು. ಅನ್ನ ಕಲಸುವಾಗಲೂ ಬೆರಳು ಎಣಿಸಿಕೊಳ್ಳುವ ಹುಚ್ಚು ಹಿಡಿದಿತ್ತು.

ಶಾಲೆಯೊಂದರ ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿದು ಅಂಟಿಸುವ ಕೆಲಸವಿತ್ತು. ಬರುತ್ತೀಯೋ ಇಲ್ಲವೋ, ಇವತ್ತು ನಾಲ್ಕು ಗಂಟೆಯೊಳಗೆ ಫೋನ್ ಮಾಡಿ ಹೇಳು ಅಂತ ಅಲ್ಲಿನ ಮೇಡಂ ಅಂದಿದ್ದರು.

ಅಪ್ಪ ಸತ್ತ ಮೇಲೆ ಅಕ್ಕನನ್ನೂ ಅವಳ ತಂಗಿಯನ್ನೂ ಸಾಕಿದ್ದು ಚಿಕ್ಕಪ್ಪನೇ. ಅವರ ಮುಂದೆ ಆ ಕೆಲಸದ ಮಾತೆತ್ತುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು.

"ಚಿಕ್ಕವಳಿದ್ದಾಗ ಶಾಲೆಗೆ ಹೋಗೇ ಅಂದ್ರೆ ಮಂಚದ ಕೆಳಗೆ ನುಸುಳ್ತಿದ್ದೆ," ಎಂದು ಚಿಕ್ಕಪ್ಪ ನಕ್ಕರು. "ಈಗ ನೀನಾಗೇ ಶಾಲೆಗೆ ಹೋಗ್ತೀನಿ ಅಂತೀಯಲ್ಲೇ! ಹೋಗಮ್ಮ, ನಾನೇನು ಕಾಲು ಕಟ್ಟಿ ಹಾಕಲ್ಲ. ನಿನ್ನ ತಂಗಿ ಇದ್ದಾಳಲ್ಲ. ಊಟ ಆದ್ಮೇಲೆ ಅವಳನ್ನೇ ಮೆಷಿನ್‌ಗೆ ನಿಲ್ಲಿಸ್ತೀನಿ."

ತಂಗಿ ಒಂದು ವರ್ಷದಿಂದ ಪಕ್ಕದ ಮೇಜಿನಲ್ಲಿ ಹಾಳೆ ಮಡಿಚುತ್ತಿದ್ದಳು. ಅವಳ ವಿಷಯ ಅಕ್ಕನ ತಲೆಗೇ ಹೊಳೆದಿರಲಿಲ್ಲ.

ಊಟ ಅರ್ಧಕ್ಕೇ ಬಿಟ್ಟಳು. ಡಬ್ಬಿ ಮುಚ್ಚಿ, ಕೈ ತೊಳೆದು ಬರುವಷ್ಟರಲ್ಲಿ ಮೆಷಿನ್ ಸದ್ದು ಶುರುವಾಗಿತ್ತು. ತಂಗಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಎಡಗೈ ಬ್ಲೇಡಿನ ಕೆಳಗೆ ಕಾಗದ ಸವರುತ್ತಿತ್ತು. ಬಲಗೈ ಬಟನ್ ಕಡೆ ಹೊರಟಿತ್ತು.

ಕೂಗಿದರೆ ಬೆಚ್ಚಿಬಿದ್ದು ಬಟನ್ ಒತ್ತಿಬಿಟ್ಟರೆ? ಅಕ್ಕ ಕೂಗಲಿಲ್ಲ. ಗೋಡೆಯ ಕಡೆಗೆ ಓಡಿದಳು. ಮೇನ್ ಸ್ವಿಚ್ ಎಳೆದಳು. ಇಡೀ ಪ್ರೆಸ್ಸು ಗಪ್‌ಚಿಪ್ಪಾಯಿತು.

"ಏನಕ್ಕ ಇದು! ಇನ್ನೊಂದೇ ಕಟ್ಟಿತ್ತು," ಎಂದಳು ತಂಗಿ. ಆಮೇಲೆ ಜಂಬದಿಂದ, "ನೋಡಿದ್ಯಾ? ಯಾರೂ ಹೇಳಿಕೊಟ್ಟಿಲ್ಲ. ನೀನು ಮಾಡೋದು ನೋಡಿ ನೋಡೇ ಕಲ್ತೆ!"

ಚಿಕ್ಕಪ್ಪ ಆಫೀಸಿನಿಂದ ಓಡಿ ಬಂದರು. ಅಕ್ಕ ಮೊಟಕು ಉಗುರನ್ನು ಅವರ ಮೂಗಿನ ಮುಂದೆ ಹಿಡಿದಳು.

"ಉಗುರು ತಾನೇ? ಬೆಳೆಯತ್ತೆ ಬಿಡು," ಎಂದರು ಚಿಕ್ಕಪ್ಪ.

"ಹಾಗಾದ್ರೆ ನೀವೇ ಕತ್ತರಿಸಿ ಚಿಕ್ಕಪ್ಪ. ಒಂದೇ ಒಂದು ಕಟ್ಟು. ರಬ್ಬರ್ ಬ್ಯಾಂಡ್ ಹಾಗೇ ಇರಲಿ."

ಹುಡುಗಿಯರ ಮುಂದೆ ಸೋಲುವುದುಂಟೇ? ಅವರು ಅಂಗಿಯ ತೋಳು ಮಡಿಚಿ, ಸ್ವಿಚ್ ಹಾಕಿಸಿ, ಎಡಗೈಯನ್ನು ಬ್ಲೇಡಿನ ಕೆಳಗಿಟ್ಟು, ಬಲಗೈಯನ್ನು ಬಟನ್ ಹತ್ತಿರ ತಂದರು. ನಿಂತರು. ಕೊನೆಗೆ ಎರಡೂ ಕೈ ತೆಗೆದು ಜೇಬಿಗೆ ಹಾಕಿಕೊಂಡರು.

"ನಂಗೆ ಅಭ್ಯಾಸ ಇಲ್ಲಮ್ಮ," ಎಂದರು. ತಂಗಿ ಅವರ ಜೇಬುಗಳನ್ನೇ ನೋಡುತ್ತಿದ್ದಳು. ಚಿಕ್ಕಪ್ಪ ತಾವೇ ಕತ್ತರಿ ತಂದು ಬಟನ್ನಿನ ರಬ್ಬರ್ ಬ್ಯಾಂಡ್ ಕತ್ತರಿಸಿ ಎಸೆದರು.

ಅಕ್ಕ ಆಗ ತೀರ್ಮಾನ ಮಾಡಿದಳು: ಎಲ್ಲಿಗೂ ಹೋಗುವುದಿಲ್ಲ. ಶಾಲೆಯಲ್ಲಿ ಕೂತು ಅಂಟು ಹಚ್ಚುತ್ತಿದ್ದರೂ ಜೀವ ಇಲ್ಲೇ ಇರುತ್ತದೆ. ತಾನು ಮಾಡಿದ ಪಾಪಕ್ಕೆ ತಾನೇ ಕಾವಲು ನಿಲ್ಲಬೇಕು. ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಎರಡೂ ಕೈ, ನೋಡ್ಕೋ," ಎನ್ನುತ್ತ ಶುರುಮಾಡಿದಳು. ಹತ್ತು ಕಟ್ಟು, ಇಪ್ಪತ್ತು ಕಟ್ಟು. ಕೆಲಸ ಆಮೆಯಂತೆ ಸಾಗಿತು. ಪಕ್ಕದಲ್ಲಿ ಕಾಗದ ಗುಡ್ಡೆಯಾಗುತ್ತಿತ್ತು. ಬೈಂಡರ್ ಎರಡು ಸಲ ಬಂದು ಇಣುಕಿ ಹೋದ. ಅವಳು ಕೈ ಚುರುಕು ಮಾಡಿದಳು.

"ಅಕ್ಕ," ಎಂದಳು ತಂಗಿ, ಮೆಲ್ಲಗೆ. "ಅದ್ಯಾಕೆ?"

ಅಕ್ಕ ಕೆಳಗೆ ನೋಡಿದಳು. ಹಾಳೆ ಕಟ್ಟಲೆಂದು ಮೇಜಿನ ಮೇಲಿಟ್ಟ ರಬ್ಬರ್ ಬ್ಯಾಂಡಿನ ಡಬ್ಬಿ ತೆರೆದಿತ್ತು. ಅವಳ ಬಲಗೈ ಬೆರಳುಗಳಲ್ಲಿ ಹೊಸ ರಬ್ಬರ್ ಬ್ಯಾಂಡ್. ಎಡಗೈಯಲ್ಲಿ ಆಗಲೇ ಮಡಿಚಿದ ರಟ್ಟಿನ ಚೂರು. ಯಾವಾಗ ತೆಗೆದುಕೊಂಡಳೋ ದೇವರಿಗೇ ಗೊತ್ತು. ಕೈ ತನ್ನಷ್ಟಕ್ಕೆ ತಾನು ಹೋಗಿತ್ತು, ಬೆಳಗ್ಗೆ ಎದ್ದು ಚಪ್ಪಲಿ ಹುಡುಕುವ ಕಾಲಿನ ಹಾಗೆ.

ಬ್ಲೇಡಿಗೆ ಹೆದರಿದ್ದು ಒಂದು ತೂಕ, ಇದು ಇನ್ನೊಂದು ತೂಕ. ತನ್ನ ಕೈಗೆ ತಾನೇ ಹೆದರಿ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ತಂಗಿಯ ಕೈ ಕಲಿತದ್ದು ಒಂದು ಮಧ್ಯಾಹ್ನದ ಪಾಠ, ಮರೆಯಬಹುದು. ತನ್ನದು ಒಂಬತ್ತು ವರ್ಷದ್ದು. ಇಲ್ಲೇ ನಿಂತರೆ ಇವತ್ತಲ್ಲ ನಾಳೆ ಬ್ಯಾಂಡ್ ಬಿಗಿಯುವವಳು ತಾನೇ, ಅದನ್ನು ನೋಡಿ ಕಲಿಯುವವಳು ಇವಳೇ.

ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು.

ಅವಳು ಡಬ್ಬಿಯನ್ನು ಬಗಲಿಗೆ ಅವುಚಿಕೊಂಡಳು. "ನೀನು ನಿಂತ್ಕೋ. ಪ್ರತಿ ಸಲ ಬಟನ್ ಒತ್ತುವಾಗ ಎರಡೂ ಕೈ ಅಂತ ಕೂಗಬೇಕು. ನಂಗೆ ಕೇಳಿಸಬೇಕು!"

ಆಫೀಸಿಗೆ ಓಡಿ ಫೋನ್ ತಿರುಗಿಸಿದಳು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ಬೆನ್ನ ಹಿಂದೆ ಕಟ್ಟು ತಳ್ಳಿದ ಸದ್ದು. ಆಮೇಲೆ ಏನೂ ಇಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಳು. ದಬ್ ಎಂದು ಬ್ಲೇಡು ಬಿತ್ತು.

"ಎರಡೂ ಕೈ, ಅಕ್ಕಾ!"

"ಹಲೋ, ಯಾರು?" ಎಂದಿತು ಫೋನು.

"ಬರ್ತೀನಿ ಮೇಡಂ," ಎಂದಳು ಅಕ್ಕ. "ನಾಳೆನೇ ಬರ್ತೀನಿ."