ಬ್ರಾಕೆಟ್ಟಿನೊಳಗಿನ ಬಯಲು

ಅಜ್ಜಿಯ ಕತೆಗಳಲ್ಲಿ ರಾಕ್ಷಸರು ಬಹಳ ದಡ್ಡರು. ಅವರಲ್ಲೊಬ್ಬ ಬಯಲಿನ ಗುಡಿಸಲುಗಳ ಮುಂದೆ ಬಂದು ನಿಂತು, ಒಳಗೆ ಯಾರಿದ್ದೀರಿ ಎಂದು ಗುಡುಗುತ್ತಾನೆ. ಯಾರೂ ಇಲ್ಲ ಎಂದು ಮಕ್ಕಳೆಲ್ಲ ಒಳಗಿನಿಂದ ಒಟ್ಟಾಗಿ ಕೂಗುತ್ತವೆ. ಅವನು ಅದನ್ನೇ ನಂಬಿಕೊಂಡು ತಲೆ ಕೆರೆಯುತ್ತಾ ಮುಂದೆ ಹೋಗುತ್ತಾನೆ. ಅಜ್ಜಿಯ ತೊಡೆಯ ಮೇಲೆ ಮಲಗಿ ಈ ಕತೆ ಕೇಳುವಾಗ ನಾನು ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಜ್ಜಿ ಮಾತ್ರ ನಗುತ್ತಿರಲಿಲ್ಲ.

ಅದು ಕತೆಯಾಗಿರಲಿಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಅವಳ ಹರೆಯದಲ್ಲಿ ಒಂದು ದಿನ ಬಯಲಿಗೆ ಜೀಪುಗಳು ಬಂದಿದ್ದವು. ಗಂಡಸರನ್ನು ಸೈನ್ಯಕ್ಕೆ ಹಿಡಿದೊಯ್ಯಲು ಬಂದವರೆಂದು ಹೆದರಿದ ಜನ ಕುರಿಗಳನ್ನೂ ಮಕ್ಕಳನ್ನೂ ಹೊಡೆದುಕೊಂಡು ಹಳ್ಳಕ್ಕಿಳಿದು ಉಸಿರು ಬಿಗಿಹಿಡಿದು ಕೂತರು. ಬಂದವರು ಭೂಮಿ ಅಳೆಯುವವರು. ಸುತ್ತ ಕಣ್ಣಾಡಿಸಿದರು, ಇಲ್ಲಿ ಯಾರೂ ಇಲ್ಲ ಎಂದು ಬರೆದುಕೊಂಡರು, ಹೊರಟುಹೋದರು. ಮರುವರ್ಷ ಅಲ್ಲಿಂದ ಕೂಗಳತೆಯ ಗುಡ್ಡದಾಚೆ ಬಾಂಬು ಸಿಡಿಸಿದರು. ಯಾರ ಮೇಲೂ ಅಲ್ಲ, ಬರೀ ಪರೀಕ್ಷೆಗೆ.

ನಾನು ದುಭಾಷಿ. ದೊಡ್ಡ ಸಭೆಗಳ ಹಿಂಭಾಗದಲ್ಲಿ ಗಾಜಿನ ಗೂಡಿನಂಥ ಕೋಣೆಯೊಳಗೆ ಕೂತು, ಒಬ್ಬರು ಆಡಿದ್ದನ್ನು ಅದೇ ಉಸಿರಿನಲ್ಲಿ ಇನ್ನೊಂದು ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ನಮ್ಮ ಭಾಷೆಗೆ ಅಂಥ ಸಭೆಗಳಲ್ಲಿ ಜಾಗವಿಲ್ಲ. ಆ ವಾರ ಮಾತ್ರ ಒಂದು ಗೂಡು ಕೊಟ್ಟಿದ್ದರು. ಯಾಕೆಂದರೆ ಬಾಂಬು ಇಟ್ಟುಕೊಂಡ ಐದು ದೇಶದವರು ಒಟ್ಟಿಗೆ ಕೂತು, ಇನ್ನು ಜಗತ್ತಿನಲ್ಲಿ ಯಾರೂ ಅಣು ಪರೀಕ್ಷೆ ಮಾಡಬಾರದು, ನಿಷೇಧದ ಒಪ್ಪಂದಕ್ಕೆ ಎಲ್ಲರೂ ಸೇರಬೇಕು ಎಂದು ಕರೆ ಕೊಡುವ ಘೋಷಣೆ ಬರೆಯುತ್ತಿದ್ದರು. ಅದಕ್ಕೆ ಒಬ್ಬ ಸಾಕ್ಷಿ ಇದ್ದರೆ ಚೆನ್ನ ಎಂದು ಯಾರಿಗೋ ಅನ್ನಿಸಿತ್ತು. ಹುಡುಕಿದಾಗ ಸಿಕ್ಕವನು ಅಜ್ಜಿಯ ಮಗ, ನನ್ನ ಸೋದರಮಾವ.

ಮಾವ ದರ್ಜಿ. ಬಾಂಬು ಸಿಡಿದಾಗ ಹಾಲುಗಲ್ಲದ ಹುಡುಗ. ಸಭೆಗೆಂದು ತಾನೇ ಹೊಲಿದ ಕೋಟು ತೊಟ್ಟು ಬಂದಿದ್ದ. ಮೊದಲ ದಿನವೇ ಐದು ದೇಶಗಳಿಗೂ ಅವರವರ ಕೋಟು ನೋಡಿ ಹೆಸರಿಟ್ಟ. ಬೂದು ಕೋಟು, ಕಂದು ಕೋಟು, ಚೌಕಳಿ ಕೋಟು, ಗುಂಡಿ ಹಾಕಲಾಗದ ಕೋಟು. ಐದನೆಯವರು ಹೆಂಗಸು, ಅವರು ಹಸಿರು ಶಾಲು. ನಮ್ಮ ಬಯಲಿನ ಬಾಂಬು ಬೂದು ಕೋಟಿನ ದೇಶದ್ದು. ಒಪ್ಪಂದಕ್ಕೆ ಐವರೂ ಯಾವತ್ತೋ ಸಹಿ ಹಾಕಿದ್ದಾರೆ, ಆದರೆ ಕೆಲವರು ತಮ್ಮ ಸಂಸತ್ತಿನಲ್ಲಿ ಅದಕ್ಕೆ ಇನ್ನೂ ಒಪ್ಪಿಗೆ ಪಡೆದಿಲ್ಲ ಎಂದು ನಾನು ವಿವರಿಸಿದಾಗ ಮಾವ ಸ್ವಲ್ಪ ಯೋಚಿಸಿದ.

"ಅಂದ್ರೆ ನಿಶ್ಚಿತಾರ್ಥ ಮಾಡ್ಕೊಂಡು ಮದುವೆ ಮಾತೇ ಎತ್ತದ ಗಂಡುಗಳು," ಎಂದ. "ಊರಿನ ಹುಡುಗರಿಗೆಲ್ಲಾ ಬೇಗ ಮದುವೆ ಆಗ್ರೋ ಅಂತ ಬುದ್ಧಿ ಹೇಳ್ತಾವ್ರೆ."

ಮಾವ ಬಂದದ್ದು ಒಂದೇ ಒಂದು ಪದಕ್ಕಾಗಿ. ಘೋಷಣೆಯ ಕರಡಿನಲ್ಲಿ ಒಂದು ಕಡೆ, ಹಿಂದಿನ ಪರೀಕ್ಷೆಗಳು ನಡೆದದ್ದು ನಿರ್ಜನ ಪ್ರದೇಶಗಳಲ್ಲಿ ಎಂದಿತ್ತು. ಆ 'ನಿರ್ಜನ' ಹೋಗಬೇಕು. ಅಷ್ಟೇ. ಅತ್ತೆಯ ಕತ್ತಿನಲ್ಲಿ ನಿಂಬೆಕಾಯಿ ಗಾತ್ರದ ಗಂಟು ಎದ್ದಿತ್ತು. ಅವಳೂ ಬಯಲಿನ ಹುಡುಗಿಯೇ. ಪರೀಕ್ಷೆಯಿಂದ ಕಾಯಿಲೆ ಬಿದ್ದವರಿಗೆಂದೇ ಆಸ್ಪತ್ರೆಯಲ್ಲಿ ಬೇರೆ ವಾರ್ಡು ಇದೆ, ಒಳ್ಳೆಯ ಔಷಧಿಯೂ ಇದೆ. ಎಲ್ಲಿಯವರು ಎಂದು ಅಲ್ಲಿಯ ಡಾಕ್ಟರು ಕೇಳಿದ್ದಾರೆ. ಬಯಲಿನವರು ಎಂದಿದ್ದಾನೆ ಮಾವ. ಅಲ್ಲಿ ಯಾರೂ ಇರಲಿಲ್ಲವಲ್ಲ ಎಂದಿದ್ದಾರೆ ಡಾಕ್ಟರು, ಜಗಳಕ್ಕಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು. ಐದು ದೇಶದವರು ಸೇರಿ ಆ ಪದ ಕೈಬಿಟ್ಟರೆ ಡಾಕ್ಟರೂ ಬಿಡಲೇಬೇಕಾಗುತ್ತದೆ ಎಂಬುದು ಮಾವನ ಲೆಕ್ಕ.

ಸಾಕ್ಷಿ ಹೇಳುವ ದಿನ ಅವನು ಬಾಂಬಿನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಹಳ್ಳದಲ್ಲಿ ಯಾರು ಯಾರ ಪಕ್ಕ ಕೂತಿದ್ದರು, ಯಾವ ಕುರಿ ಕೆಮ್ಮಿತು, ಅದರ ಬಾಯನ್ನು ಯಾರು ಒತ್ತಿ ಹಿಡಿದರು ಎಂಬುದನ್ನೇ ಹೇಳಿದ. ಸಭೆಯವರು ಬೆಂಕಿಯುಂಡೆಯ ವರ್ಣನೆಗೆ ಸಿದ್ಧರಾಗಿ ಕೂತಿದ್ದವರು, ಕುರಿಯ ಬಾಯಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಪೆನ್ನು ಕೆಳಗಿಟ್ಟರು. ಮಾವನ ಮಾತನ್ನು ಅವರ ಭಾಷೆಗೆ ತಿರುಗಿಸುತ್ತಿದ್ದವಳು ನನ್ನ ಜೊತೆಯ ಹಿರಿಯ ದುಭಾಷಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಈ ಕಸುಬಿನಲ್ಲಿ ಬೇರೆಯವರ ಮಾತನ್ನೂ 'ನಾನು' ಎಂದೇ ಹೇಳಬೇಕು. ನಾನು ಹಳ್ಳದಲ್ಲಿ ಕೂತಿದ್ದೆ ಎಂದು ಅಕ್ಕ ಹೇಳುತ್ತಿದ್ದಾಗ ಅವಳ ಕತ್ತಿನ ನರ ಎದ್ದು ಕಾಣುತ್ತಿತ್ತು.

ಹಸಿರು ಶಾಲಿನವರು ಕೈಯೆತ್ತಿ, ಆ ಪದವನ್ನು ಬ್ರಾಕೆಟ್ಟಿಗೆ ಹಾಕಿ ಎಂದರು.

ಇಂಥ ಸಭೆಗಳ ಪದ್ಧತಿ ಅದು. ಐವರಲ್ಲಿ ಒಬ್ಬರು ಒಪ್ಪದಿದ್ದರೂ ಆ ಪದವನ್ನು ಬ್ರಾಕೆಟ್ಟಿನೊಳಗೆ ಕೂಡಿಸುತ್ತಾರೆ. ಕೊನೆಯ ದಿನದೊಳಗೆ ಮಾತುಕತೆಯಾಗಿ ಒಂದೋ ಪದ ಹೋಗಬೇಕು, ಇಲ್ಲವೇ ಬ್ರಾಕೆಟ್ಟು ಹೋಗಬೇಕು. ಗೋಡೆಯ ಮೇಲಿನ ಪರದೆಯಲ್ಲಿ ಆ ಪದದ ಎರಡೂ ಪಕ್ಕ ಗೀಟು ಬಿದ್ದದ್ದನ್ನು ಮಾವ ಕಣ್ಣಾರೆ ಕಂಡ.

"ಲಾಕಪ್ಪಿಗೆ ಹಾಕಿದ್ರು ನೋಡು," ಎಂದ ಸಂಜೆ, ಮಗುವಿನ ಹಾಗೆ. ಉಳಿದ ದಿನಗಳಲ್ಲಿ ಬೆಳಗಾದರೆ ಅವನ ಮೊದಲ ಪ್ರಶ್ನೆ, ಕೈದಿ ಒಳಗಿದ್ದಾನಾ ಎಂದು. ಇದ್ದಾನೆ ಎನ್ನುತ್ತಿದ್ದೆ. ಫೋನಿನಲ್ಲಿ ಅತ್ತೆಗೂ ಅದನ್ನೇ ಹೇಳುತ್ತಿದ್ದ. ಹಸಿರು ಶಾಲಿನವರು ಓಣಿಯಲ್ಲಿ ಎದುರಾದಾಗ ಅವನ ಎರಡೂ ಕೈ ಹಿಡಿದುಕೊಂಡು, ನೋಡೋಣ, ನಾನಿದ್ದೇನೆ ಎಂದರು. ಅವರು ಸುಳ್ಳು ಹೇಳಲಿಲ್ಲ ಎಂದೇ ಈಗಲೂ ಅಂದುಕೊಳ್ಳುತ್ತೇನೆ. ಆ ಕ್ಷಣ ಅವರಿದ್ದರು.

ನಾನೂ ಕನಸು ಕಾಣತೊಡಗಿದ್ದೆ. ನನ್ನ ಕನಸುಗಳೆಲ್ಲ ಅಜ್ಜಿಯ ಕತೆಗಳ ಅಚ್ಚಿನಲ್ಲೇ ಬೀಳುತ್ತವೆ. ಐವರು ರಾಕ್ಷಸರು ತಮ್ಮ ಗದೆಗಳನ್ನು ಹಾಸಿಗೆಯ ಕೆಳಗೆ ತಳ್ಳಿ, ನಮಗೂ ವಯಸ್ಸಾಯಿತು, ಒಳಗೆ ಯಾರಿದ್ದೀರಿ ಎಂದು ಮೆಲ್ಲಗೆ ಕೇಳುತ್ತಾರೆ. ಹಳ್ಳದಿಂದ ಒಬ್ಬೊಬ್ಬರೇ ಎದ್ದು ಬಂದು ನಾವಿದ್ದೇವೆ ಎನ್ನುತ್ತಾರೆ. ಇದನ್ನು ಅಕ್ಕನಿಗೆ ಹೇಳಿದೆ.

"ಊಟ ಮಾಡು ಮೊದ್ಲು," ಎಂದಳು ಅಕ್ಕ. "ಹೊಟ್ಟೆ ಖಾಲಿ ಇದ್ರೆ ಹಿಂಗೇ ಆಗೋದು."

ಕೊನೆಯ ದಿನ ಮಧ್ಯಾಹ್ನದ ಊಟದ ಬಿಡುವು ಎಳೆದೆಳೆದು ಉದ್ದವಾಯಿತು. ಮತ್ತೆ ಸಭೆ ಸೇರುವ ಮೊದಲು, ಅಂತಿಮ ಪ್ರತಿಯನ್ನು ಬಾಗಿಲ ಸಂದಿಯಿಂದ ಯಾರೋ ನಮ್ಮ ಗೂಡಿನೊಳಗೆ ತೂರಿಸಿದರು. ಅಕ್ಕ ನನಗಿಂತ ಮುಂಚೆ ಓದಿ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು.

ಬ್ರಾಕೆಟ್ಟು ಹೋಗಿತ್ತು. ಪದ ಇತ್ತು.

ಊಟದ ಮೇಜಿನಲ್ಲಿ ನಡೆದದ್ದು ಅಕ್ಕನಿಗೆ ಪಕ್ಕದ ಗೂಡಿನವರಿಂದ ಆಗಲೇ ತಿಳಿದಿತ್ತು. ಒಪ್ಪಿಗೆ ಕೊಡದ ದೇಶಗಳು 'ಆದಷ್ಟು ಬೇಗ' ಕೊಡಬೇಕು ಎಂಬ ಮಾತು ಸೇರಲಿ ಎಂಬುದು ಹಸಿರು ಶಾಲಿನವರ ಹಟ. ಸೇರಿಸೋಣ, ನಿಮ್ಮ ಬ್ರಾಕೆಟ್ಟು ತೆಗೆಯಿರಿ ಎಂದಿದ್ದಾರೆ ಬೂದು ಕೋಟಿನವರು. ಮುಗಿಯಿತು. ಯಾವ ದೇಶವೂ ಆದಷ್ಟು ಬೇಗ ಏನನ್ನೂ ಮಾಡುವುದಿಲ್ಲವೆಂದು ಆ ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತು. ಇಲ್ಲದ ಒಂದು ಮಾತಿಗೆ ಇದ್ದ ನಮ್ಮನ್ನು ಕೊಟ್ಟು ಕೈ ತೊಳೆದುಕೊಂಡಿದ್ದರು.

ಗಾಜಿನಾಚೆ ಮಾವ ಸಾಕ್ಷಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಇಯರ್‌ಫೋನ್ ಸರಿಮಾಡಿಕೊಳ್ಳುತ್ತಿದ್ದ. ಅವನ ಕಿವಿಯಲ್ಲಿ ಮಾತಾಡಬೇಕಾದವಳು ನಾನು.

"ನಾನು ಓದ್ಲೇನೆ?" ಎಂದಳು ಅಕ್ಕ.

ಬೇಡ ಎಂದೆ. ಪರಕೀಯರ ದನಿಯಲ್ಲಿ ಕೇಳುವುದಕ್ಕಿಂತ ಮನೆಯ ದನಿಯಲ್ಲಿ ಕೇಳುವುದು ಮೇಲು ಎಂದು ಆಗ ಅನ್ನಿಸಿತು.

ಅಧ್ಯಕ್ಷರು ಓದುತ್ತಾ ಹೋದರು. ಅವರ ಬೆನ್ನಿಗೇ ನಾನು. ಐದು ದೇಶಗಳಾದ ನಾವು ಎಂದೆ. ಮನುಕುಲದ ಮೇಲಿನ ಕಾಳಜಿಯಿಂದ ಎಂದೆ. ಪರೀಕ್ಷೆಗಳಿಲ್ಲದ ನಾಳೆಗಾಗಿ ಎಂದೆ. ಆ ಸಾಲು ಬಂತು. ಹಿಂದಿನ ಪರೀಕ್ಷೆಗಳು ಎಂದೆ. ನಮ್ಮ ಮೈಕಿನ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ. ಕೆಮ್ಮು ಬಂದರೆ ಅದನ್ನು ಒತ್ತಿ ಹಿಡಿಯಬೇಕು, ಒತ್ತಿದಷ್ಟು ಹೊತ್ತು ನಮ್ಮ ಸದ್ದು ಹೊರಗೆ ಹೋಗುವುದಿಲ್ಲ. ಬಂದದ್ದು ಕೆಮ್ಮಲ್ಲ, ಅಳು. ಬೆರಳು ತಾನಾಗಿ ಗುಂಡಿಯನ್ನು ಒತ್ತಿತು. ತುಟಿ ಮಾತ್ರ ಅಭ್ಯಾಸಬಲದಿಂದ ಆ ಪದವನ್ನು ಹೇಳಿ ಮುಗಿಸಿತು. ಬೆರಳು ಎತ್ತುವಾಗ ನಾನು 'ಪ್ರದೇಶಗಳಲ್ಲಿ ನಡೆದಿದ್ದು' ಎನ್ನುತ್ತಿದ್ದೆ.

ಮಾವನಿಗೆ ಕೇಳಿಸಿದ್ದು ಇಷ್ಟು: ಹಿಂದಿನ ಪರೀಕ್ಷೆಗಳು ಪ್ರದೇಶಗಳಲ್ಲಿ ನಡೆದಿದ್ದು.

ಅವನು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು ಒಂದೊಂದು ದೇಶಕ್ಕೂ ಬೇರೆಬೇರೆಯಾಗಿ ತಲೆಬಾಗಿದ. ಬೂದು ಕೋಟಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಬಾಗಿದ. ಅಧ್ಯಕ್ಷರು ಓದು ನಿಲ್ಲಿಸಿದರು. ಯಾರೋ ಚಪ್ಪಾಳೆ ತಟ್ಟಿದರು, ಇಡೀ ಸಭೆ ತಟ್ಟಿತು. ಫೋಟೋ ತೆಗೆಯುವವರು ಮೊಣಕಾಲೂರಿ ಅವನ ಮುಂದೆ ಸಾಲಾದರು. ಹಸಿರು ಶಾಲಿನವರು ಮಾತ್ರ ಕಾಗದದ ಕಡೆ ನೋಡುತ್ತಾ ಕೂತಿದ್ದರು.

"ತಿದ್ದುಪಡಿ ಹೇಳೇ, ಬೇಗ," ಎಂದು ಅಕ್ಕ ನನ್ನ ತೋಳು ಹಿಡಿದು ಅಲುಗಿಸಿದಳು. ಬಿಟ್ಟುಹೋದದ್ದನ್ನು ಆ ಕೂಡಲೇ ತಿದ್ದಿ ಹೇಳುವುದು ನಮ್ಮ ನಿಯಮ. ಮೈಕಿಗೆ ಬಾಯಿ ಹಚ್ಚಿ ಹೇಳಿದೆ. ದುಭಾಷಿಯ ತಿದ್ದುಪಡಿ, ನಿರ್ಜನ ಪ್ರದೇಶಗಳಲ್ಲಿ. ನಿರ್ಜನ. ಮತ್ತೊಮ್ಮೆಯೂ ಹೇಳಿದೆ. ಆ ಪದ ಮೇಜಿನ ಮೇಲೆ ಮಗುಚಿಬಿದ್ದಿದ್ದ ಇಯರ್‌ಫೋನಿನೊಳಗೆ ಹೋಗಿ ಅಲ್ಲೇ ಉಳಿಯಿತು. ಮಾವ ಗಾಜಿನ ಕಡೆ ತಿರುಗಿ, ನನ್ನ ತುಟಿ ಆಡುವುದನ್ನು ಕಂಡು, ನಾನು ಅವನನ್ನು ಹೊಗಳುತ್ತಿದ್ದೇನೆಂದುಕೊಂಡು ಕೈಬೀಸಿದ. ಅಧ್ಯಕ್ಷರು ಮರದ ಸುತ್ತಿಗೆ ಬಡಿದರು.

ನಾನು ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಅವನು ಓಣಿಯಲ್ಲಿ ಫೋನು ಹಿಡಿದು ನಿಂತಿದ್ದ. ಅತ್ತೆಗೆ ಹೇಳಿಯಾಗಿತ್ತು.

"ನಿಮ್ಮತ್ತೆ ಕಂಡಾಪಟ್ಟೆ ಅಳ್ತಾವ್ಳೆ," ಎಂದ ನಗುತ್ತಾ. "ಎಲ್ಲಿ, ಆ ಕಾಗದ ತಾ. ಒಂದ್ಸಲ ಓದು. ಡಾಕ್ಟರ ಮುಂದೆ ನಾನು ತಪ್ಪಿಲ್ದಂಗೆ ಹೇಳ್ಬೇಕು."

ಅಜ್ಜಿಯಾಗಿದ್ದರೆ ಇಲ್ಲಿ ಏನಾದರೂ ಹೊಸೆದು ಹೇಳುತ್ತಿದ್ದಳು. ನನಗೆ ಆ ವಿದ್ಯೆ ಬರಲಿಲ್ಲ. ಅವನ ಪಕ್ಕದ ಬೆಂಚಿನ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಗುಂಡಿ ಒತ್ತಿದ್ದನ್ನೂ, ಊಟದ ಮೇಜಿನ ವ್ಯಾಪಾರವನ್ನೂ ಹೇಳಿದೆ.

ಮಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೋಟಿನ ಅಂಚನ್ನು ಬೆರಳುಗಳ ನಡುವೆ ಹಿಡಿದು, ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವವನಂತೆ ಉದ್ದಕ್ಕೂ ಸವರಿದ. ಆಮೇಲೆ ಕೇಳಿದ.

"ಹಂಗಾದ್ರೆ ನಾನು ಬಗ್ಗಿದ್ದು ಯಾತಕ್ಕೆ?"

ನಾನು ಕಾಗದವನ್ನು ಮಡಚಿದೆ.

"ಆ ಫೋಟೋ ವಾಪಸ್ ತಗೊಳ್ಳೋಕೆ ಹೇಳು," ಎಂದು ಎದ್ದ.

ಪತ್ರಿಕೆಯವರಿಗೆ ಸುದ್ದಿ ಕಳಿಸುವ ಕೋಣೆಯಲ್ಲಿ ಒಬ್ಬಳೇ ಹುಡುಗಿ ಇದ್ದಳು. ಒಳ್ಳೆಯವಳು. ಮಾವನನ್ನು ಕಂಡ ಕೂಡಲೇ ಎದ್ದು ಕುರ್ಚಿ ಕೊಟ್ಟಳು, ಕಣ್ಣೊರೆಸಿಕೊಂಡಳು, ಬೆಳಗಿನಿಂದ ಕಳಿಸಿದ ಚಿತ್ರಗಳಲ್ಲೆಲ್ಲ ಇದೇ ಒಳ್ಳೆಯದು ಎಂದು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದಳು. ಮಾವನ ಬಾಗಿದ ತಲೆ, ಎದೆಯ ಮೇಲೆ ಕೈ, ಹಿಂದೆ ಐದು ಬಾವುಟ. ಆಗಲೇ ಅದು ಎಲ್ಲ ದೇಶಗಳಿಗೂ ಹೋಗಿತ್ತು. ಬೇಕಾದರೆ ಹಿಂತೆಗೆದುಕೊಳ್ಳಲು ಕೋರಿ ಸಂದೇಶ ಕಳಿಸಬಹುದು, ಕೆಲವರು ಪಾಲಿಸುತ್ತಾರೆ ಎಂದಳು.

ಕೆಳಗೆ ಏನೋ ಬರೆದಿದೆಯಲ್ಲ ಎಂದ ಮಾವ. ಓದಿದೆ. ಪರೀಕ್ಷೆ ನಡೆದ ಬಯಲಿನ ನಿವಾಸಿಯೊಬ್ಬರು ಐದು ದೇಶಗಳ ಘೋಷಣೆಯನ್ನು ಸ್ವಾಗತಿಸುತ್ತಿರುವುದು.

"ನಿವಾಸಿ ಅಂತ ಬರ್ದವ್ರಾ?"

"ಹೂಂ."

"ಬಯಲಿನ ನಿವಾಸಿ ಅಂತ?"

"ಹೂಂ, ಮಾವ."

ಅವನು ಪರದೆಯ ಹತ್ತಿರ ಬಗ್ಗಿ, ತನಗೆ ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿದ. ಇಡೀ ಕಟ್ಟಡದಲ್ಲಿ ನಾವು ಅಲ್ಲಿದ್ದೆವು ಎಂದು ಹೇಳುವ ಜಾಗ ಅದೊಂದೇ. ಅದೂ ಈ ಚಿತ್ರದ ಕೆಳಗೆ. ಹಿಂತೆಗೆಯುವ ಸಂದೇಶ ಕಳಿಸಲೇ ಎಂದು ಹುಡುಗಿ ಕೇಳಿದಳು. ನಾನು ಮಾವನಿಗೆ ಹೇಳಿದೆ. ಅವನು ತಲೆಯಾಡಿಸಿದ.

"ಬೇಡ ಬಿಡು. ಇರ್ಲಿ. ಒಂದು ಪ್ರಿಂಟ್ ಕೊಡ್ತಾಳಾ ಕೇಳು. ದೊಡ್ಡದಾಗಿ. ಡಾಕ್ಟರಿಗೆ ಅಕ್ಷರ ಕಾಣ್ಬೇಕು."

ಹುಡುಗಿ ಸಂತೋಷದಿಂದ ಒಪ್ಪಿದಳು. ಹೊಳೆಯುವ ಕಾಗದದಲ್ಲಿ ಕೊಡಲೇ, ಮಾಮೂಲಿಯದರಲ್ಲಿ ಕೊಡಲೇ ಎಂದಳು. ನಾನು ಮಾವನನ್ನು ಕೇಳಿದೆ.

"ಯಾವ್ದು ಜಾಸ್ತಿ ದಿನ ಬಾಳುತ್ತೋ ಅದು," ಎಂದ.