ನಡುವಿನ ಗೆರೆ

ಗುಂಡಿಯ ನಾಲ್ಕೂ ಮೂಲೆಗೆ ಗೂಟ ಬಡಿದು ದಾರ ಎಳೆಯುತ್ತಿದ್ದ ಮುನಿಕೃಷ್ಣನ ಕೈಯಿಂದ ಊರ ಹಿರಿಯ ಕೋದಂಡರಾಮಪ್ಪ ದಾರದ ಉಂಡೆಯನ್ನು ಕಿತ್ತುಕೊಂಡರು.

"ಏಮಯ್ಯಾ, ಇದೇನು ಮಾವಿನಕಾಯಿ ಪೆಟ್ಟಿಗೇನಾ? ಹೆಂಡ್ತಿ ಗುಂಡಿಗೆ ಗಂಡ ಅಳತೆ ಹಿಡಿಯೋದು ಎಲ್ಲಾದ್ರೂ ಉಂಟಾ? ಮನೆಗೋಗಿ ಅವಳ ಪಕ್ಕ ಕೂತ್ಕೋ, ಹೋಗು."

"ಆ ಮೂಲೆ ಸೊಟ್ಟ ಐತೆ ಮಾವ."

"ಸೊಟ್ಟ ಇದ್ರೆ ಅವಳೇನು ಎದ್ದು ಬೈತಾಳಾ?"

ಗುದ್ದಲಿ ಹಿಡಿದವರು ತಲೆ ತಗ್ಗಿಸಿದರು. ಬೈಯುತ್ತಿದ್ದಳು ಎಂದು ಮುನಿಕೃಷ್ಣನಿಗೆ ಮಾತ್ರ ಗೊತ್ತು. ಗೆರೆ ಕೂದಲೆಳೆಯಷ್ಟು ವಾಲಿದರೂ ತ್ರಿವೇಣಿ ಹಾಳೆಯನ್ನು ವಾಪಸು ಅವನ ಮುಂದೆ ಇಡುತ್ತಿದ್ದಳು.

ಅವನು ಮಾವಿನ ತೋಪು ದಾಟಿ ಮನೆಯ ಕಡೆ ನಡೆದ. ಗೌನಿಪಲ್ಲಿಯಲ್ಲಿ ಹಣ್ಣಿನ ಪೆಟ್ಟಿಗೆ ಹೊಡೆಯುವುದು ಅವನ ಕಸುಬು. ಅವಳು ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿರಲಿಲ್ಲ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ.

ಅಂಗಳದಲ್ಲಿ ಐದಾರು ಹುಡುಗಿಯರು ನಿಂತಿದ್ದರು. ನರಸಾಪುರದ ಕಂಪನಿಯವರು, ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದಿದ್ದರು, ಕೊರಳಿನ ಗುರುತಿನ ಚೀಟಿಯನ್ನೂ ತೆಗೆದಿರಲಿಲ್ಲ. ಅವನು ಒಳಗೆ ಹೋಗುವಾಗ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿದಳು.

"ಅವ್ರೇ ಕಣೇ."

ಮುನಿಕೃಷ್ಣ ತಲೆ ಎತ್ತದೆ ಹೊಸಿಲು ದಾಟಿದ. ತನಗೆ ಗೊತ್ತಿಲ್ಲದ್ದು ಈ ಮಕ್ಕಳಿಗೆಲ್ಲ ಗೊತ್ತಿದೆ.

\*

ಅಂಗನವಾಡಿಯ ಗೋಡೆಗೆ ಆನೆ, ಮೊಲ ಬರೆಯುತ್ತಿದ್ದ ತ್ರಿವೇಣಿ ಮೂರು ವರ್ಷದ ಹಿಂದೆ ಒಂದು ಪ್ರೇಮಕತೆಯನ್ನು ಚಿತ್ರಗಳಲ್ಲೇ ಬರೆಯಲು ಶುರುಮಾಡಿದಳು. ವಾರಕ್ಕೊಂದು ಪುಟ. ಅಕ್ಕನ ಮಗಳು ಚಂದನ ಅದರ ಫೋಟೋ ತೆಗೆದು ಫೋನಿನಲ್ಲಿ ಹಾಕುವಳು. ಕಂಪನಿ ಬಸ್ಸಿನಲ್ಲಿ ಹುಡುಗಿಯರು ತಲೆಗೆ ತಲೆ ತಾಗಿಸಿ ನೋಡುವರಂತೆ.

ಮನುಷ್ಯರನ್ನು ನೀರು ಕುಡಿದಷ್ಟು ಸಲೀಸಾಗಿ ಬರೆಯುವವಳಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ಹಾಗಾಗಿ ಚೌಕ ಹಾಕಿಕೊಡುವುದು ಅವನ ಪಾಲಿನ ಕೆಲಸವಾಯಿತು. ಅದಕ್ಕೆಂದೇ ತೇಗದ ಚೂರಿನಲ್ಲಿ ಒಂದು ಅಡಿಪಟ್ಟಿ ಕೆತ್ತಿಕೊಂಡಿದ್ದ.

"ಇವತ್ತೆಂಗೆ?"

"ಎರಡು, ಉದ್ದಕ್ಕೆ, ಅಕ್ಕಪಕ್ಕ. ನಡುವಿನ ಗೀಟು ದಪ್ಪ ಇರ್ಲಿ."

"ದಪ್ಪ ಯಾಕೆ?"

"ಅವ್ರಿಬ್ರೂ ಇವತ್ತು ಮಾತಾಡ್ತಿಲ್ಲ."

ಅವತ್ತು ಬೆಳಗಿನಿಂದ ತಾವಿಬ್ಬರೂ ಮಾತಾಡಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಆ ಮನೆಯಲ್ಲಿ ಮಾತು ಯಾವತ್ತೂ ಕಡಿಮೆಯೇ.

"ಒಂದ್ಸಲ ನಾನೂ ನೋಡ್ಲಾ?"

ಅವಳು ಎರಡೂ ಅಂಗೈಯಿಂದ ಹಾಳೆ ಮುಚ್ಚಿದಳು. "ಬೇಡ ಕಣ್ರೀ. ಲೋಕ ಎಲ್ಲಾ ನೋಡ್ಲಿ, ನೀವು ನೋಡ್ಬೇಡಿ. ನಂಗೆ ನಾಚ್ಕೆ."

ಅವನು ನೋಡಲಿಲ್ಲ. ಕೊಟ್ಟ ಮಾತು ಮಾತೇ. ಆದರೆ ಹಲಗೆಯಲ್ಲಿ ಮುರಿದುಕೊಂಡ ಮೊಳೆಯ ಹಾಗೆ ಒಂದು ಪ್ರಶ್ನೆ ಒಳಗೇ ಉಳಿಯಿತು: ಕಟ್ಟಿಕೊಂಡ ಗಂಡನಿಗೆ ತೋರಿಸಲಾಗದ ಆ ಕತೆಯ ಗಂಡಸು ಯಾರು?

ನಿನ್ನೆ ಬೆಳಗ್ಗೆ ಅವಳು ಹೊಸ ಹಾಳೆ ತಂದಿಟ್ಟಿದ್ದಳು. "ಇದು ಕೊನೇದು. ಹಾಳೆಯಷ್ಟಕ್ಕೂ ಒಂದೇ ಬಾಕ್ಸು."

"ಒಳಗೆ ಗೀಟು?"

"ಒಂದೂ ಬೇಡ."

ಹಾಕಿಕೊಟ್ಟು ಕೆಲಸಕ್ಕೆ ಹೋಗಿದ್ದ.

\*

ಒಳಗೆ ಅವಳ ಅಕ್ಕ ದೊಡ್ಡಗಂಗಮ್ಮ ಒಂದು ಬಿದಿರಿನ ಮಂಕರಿಗೆ ಹಸಿರು ಬಳೆ, ಬಾಚಣಿಗೆ, ಎಲೆ ಅಡಿಕೆ, ಬಣ್ಣದ ಪೆನ್ನು ತುಂಬುತ್ತಿದ್ದಳು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೆ ಇಡಬೇಕು. ಇಲ್ಲದಿದ್ದರೆ ಜೀವ ಅದಕ್ಕಾಗಿ ಮನೆ ಸುತ್ತುತ್ತದೆ.

"ಈ ಹಾಳೆಗಳೂ ಹೋಗ್ಲಿ," ಎಂದಳು.

"ಅಮ್ಮಾ, ಬೇಡಮ್ಮಾ," ಚಂದನ ಕೈ ಹಿಡಿದಳು. "ಕೊನೇ ಪುಟ ಇನ್ನೂ ಹಾಕಿಲ್ಲ. ಎಲ್ರೂ ಕಾಯ್ತಾವ್ರೆ."

"ಸತ್ತೋಳಿಗೆ ಬೇಕಾ, ನಿಮ್ಮ ಫೋನಿಗೆ ಬೇಕಾ? ನೀನೇ ಹೇಳಪ್ಪ ಮುನಿಕೃಷ್ಣ."

ಮುನಿಕೃಷ್ಣ ಚಂದನಳನ್ನು ಹಿತ್ತಿಲಿಗೆ ಕರೆದು, ಸೌದೆಯ ರಾಶಿಯ ಕಡೆ ಮುಖ ಮಾಡಿ ಕೇಳಿಯೇಬಿಟ್ಟ.

"ಆ ಕತೇಲಿರೋ ಗಂಡ್ಸು ಯಾರಮ್ಮ?"

ಅವಳು ಬಾಯಿ ತೆರೆದು ನಿಂತಳು. "ನೀವು ನೋಡೇ ಇಲ್ವಾ ಚಿಕ್ಕಪ್ಪಾ?"

"ಬೇಡ ಅಂದಿದ್ಲು."

ಚಂದನ ಫೋನನ್ನು ಅವನ ಕೈಗಿಟ್ಟಳು.

ಎರಡು ಚೌಕ. ಒಂದರಲ್ಲಿ ಬಳೆ ತೊಟ್ಟ ಕೈಯೊಂದು ಕಾಫಿ ಲೋಟವನ್ನು ಚೌಕದ ಅಂಚಿನವರೆಗೆ ತಳ್ಳಿದೆ. ಇನ್ನೊಂದರಲ್ಲಿ ಬೇರೆ ಕೈ, ಹೆಬ್ಬೆರಳಿನ ಉಗುರು ಸೀಳಿದ್ದು, ಲೋಟ ತೆಗೆದುಕೊಳ್ಳುತ್ತಿದೆ. ಮುನಿಕೃಷ್ಣ ತನ್ನ ಹೆಬ್ಬೆರಳು ನೋಡಿಕೊಂಡ. ಮಡಿಸಿಕೊಂಡ.

ಮತ್ತೊಂದು ಪುಟ. ಬಲಗಡೆಯ ಚೌಕದ ತುಂಬ ಒಬ್ಬ ಗಂಡಸಿನ ಕತ್ತಿನ ಹಿಂಭಾಗ ಮಾತ್ರ. ಬೆವರಿಗೆ ಮರದ ಪುಡಿ ಅಂಟಿದೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಎಡಗಡೆಯ ಚೌಕ ಹೆಚ್ಚುಕಡಿಮೆ ಖಾಲಿ. ಅದರೊಳಗಿಂದ ಹೆಂಗಸಿನ ಬೆರಳುಗಳು ಆ ಪುಡಿ ಒರೆಸಲೆಂದು ಹೊರಟು, ನಡುವಿನ ಗೆರೆಯವರೆಗೆ ಬಂದು ನಿಂತಿವೆ.

ಅವನ ಕೈ ತಾನಾಗಿ ಕತ್ತಿನ ಹಿಂಭಾಗಕ್ಕೆ ಹೋಯಿತು. ಇಷ್ಟು ಹತ್ತಿರದಿಂದ ತನ್ನನ್ನು ಯಾರಾದರೂ ನೋಡಿದ್ದರೆಂದು ಅವನಿಗೆ ಕನಸಲ್ಲೂ ಹೊಳೆದಿರಲಿಲ್ಲ. ಆ ಗೆರೆ ಅವನು ಎಳೆದದ್ದು. ನೆಟ್ಟಗಿತ್ತು.

ಒಳಗೆ ಹೋಗಿ ಅಟ್ಟದ ಹಲಗೆಯ ಮೇಲಿದ್ದ ಕೊನೆಯ ಹಾಳೆ ತಂದ. ಅಂಗಳದ ಹುಡುಗಿಯರೂ ಹಿತ್ತಿಲಿಗೆ ಬಂದಿದ್ದರು.

"ಏನೂ ಬರ್ದಿಲ್ಲಮ್ಮ. ಬಾಕ್ಸ್ ಒಂದೇ ಇರೋದು."

"ಒಂದೇನಾ?" ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನೊಬ್ಬಳು ಅಳಲು ಶುರುಮಾಡಿದಳು.

"ಯಾಕೆ? ಏನಾಯ್ತು?"

"ಚಿಕ್ಕಪ್ಪಾ," ಚಂದನ ಹಾಳೆಯ ಅಂಚು ಮುಟ್ಟಿದಳು. "ಮೂರು ವರ್ಷದಲ್ಲಿ ಅವ್ರಿಬ್ರನ್ನ ಚಿಕ್ಕಮ್ಮ ಒಂದ್ಸಲಾನೂ ಒಂದೇ ಬಾಕ್ಸಲ್ಲಿ ಬರ್ದಿಲ್ಲ. ಇವಳು ಇಲ್ಲಿ, ಅವ್ನು ಅಲ್ಲಿ. ಯಾವಾಗ ಒಂದರೊಳಗೆ ಬರ್ತಾರೆ ಅಂತಲೇ ನಾವೆಲ್ಲ ಕಾಯ್ತಿದ್ದಿದ್ದು."

\*

ನಡುಹೊತ್ತಿಗೆ ತೋಪಿನ ಅಂಚಿನಲ್ಲಿ ಅವಳನ್ನು ತೆಂಕಲಿಗೆ ತಲೆ ಮಾಡಿ ಇಳಿಸಿದರು. ದೊಡ್ಡಗಂಗಮ್ಮ ಬಳೆ ಇಟ್ಟಳು, ಬಾಚಣಿಗೆ ಇಟ್ಟಳು, ಪೆನ್ನು ಇಟ್ಟಳು. ಆಮೇಲೆ ಮುನಿಕೃಷ್ಣನ ಕೈಯಲ್ಲಿದ್ದ ಕೊನೆಯ ಹಾಳೆಗಾಗಿ ಕೈ ಚಾಚಿದಳು.

"ಹಾಳೆ ಒಂದೂ ಬೇಡಕ್ಕ." ಮುನಿಕೃಷ್ಣ ಅದನ್ನು ಚಂದನಳಿಗೆ ಕೊಟ್ಟ. "ಇಂಗೇ ಹಾಕಮ್ಮ ಫೋನಲ್ಲಿ. ಒಳಗೆ ಯಾರೂ ಏನೂ ಬರೀಬೇಡಿ."

"ಮತ್ತೆ ಅವಳ ಜೊತೆಗೆ?"

ಅವನು ಸೊಂಟದಿಂದ ತೇಗದ ಅಡಿಪಟ್ಟಿ ತೆಗೆದು, ಬಗ್ಗಿ, ಅವಳ ಕೈಯ ಬಳಿ ಇಟ್ಟ.

"ಗೀಟು ಹಾಕೋ ಕೆಲ್ಸ ಮುಗೀತು," ಎಂದ. ದೊಡ್ಡಗಂಗಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಮೊದಲು ನೀನು ಹಾಕಪ್ಪ ಮಣ್ಣು," ಎಂದರು ಕೋದಂಡರಾಮಪ್ಪ. ಅವರ ಅಂಗೈಗೆ ದಾರ ಕೊಯ್ದ ಗುರುತಿತ್ತು.

ಮುನಿಕೃಷ್ಣ ಒಂದು ಹಿಡಿ ಮಣ್ಣು ತೆಗೆದುಕೊಂಡು ತಲೆಯ ಕಡೆ ನಿಂತು ಕೆಳಗೆ ನೋಡಿದ. ಸೊಟ್ಟಗಿದ್ದ ಮೂಲೆಯನ್ನು ಯಾರೋ ಕೆತ್ತಿ ನೇರ ಮಾಡಿದ್ದರು. ನಾಲ್ಕೂ ಅಂಚು ನೆಟ್ಟಗಿದ್ದವು. ಪುಷ್ಯದ ಬಿಸಿಲು ತೆಂಕಲಿನಿಂದ ಓರೆಯಾಗಿ ಬೀಳುತ್ತಿತ್ತು. ಅವನ ನೆರಳು ಗುಂಡಿಯೊಳಗೆ ಇಳಿದು ಅವಳ ಮುಖದ ಮೇಲೆ ಬಾರದಂತೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ನೆರಳು ಅವಳ ಮಗ್ಗುಲಿಗೆ ಹೋಗಿ ಮಲಗಿತು. ನಡುವೆ ಏನೂ ಇರಲಿಲ್ಲ.

"ಹಾಕಪ್ಪ," ಎಂದರು ಯಾರೋ.

ಅವನು ಮುಷ್ಟಿ ಬಿಚ್ಚದೆ ಹಾಗೇ ನಿಂತಿದ್ದ.